ಕೋಟೆಯಿಲ್ಲದ ದೊರೆತನ: ದುರ್ಗದ ಪಾಳೆಯಪಟ್ಟು ಮತ್ತು ನನ್ನಿವಾಳದ ಕಟ್ಟೆಮನೆ

ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಹತ್ತಿ, ಬುರುಜುಗಳನ್ನೂ ಬತೇರಿಗಳನ್ನೂ ಕಣಜಗಳನ್ನೂ ಹೊಂಡಗಳನ್ನೂ ನೋಡಿ, ಪಾಳೆಯಗಾರರ ಇತಿಹಾಸವೆಲ್ಲ ಆ ಬಂಡೆಗಳ ನಡುವೆಯೇ ಹುಟ್ಟಿ ಅಲ್ಲಿಯೇ ಅಡಗಿತೆಂಬ ಭಾವನೆಯಿಂದ ಕೆಳಗಿಳಿಯುವ ಯಾತ್ರಿಕರು ಬಹುಮಂದಿ. ಅವರಲ್ಲಿ ಯಾರಾದರೂ ಮೂಡಣ ದಿಕ್ಕಿನ ಚಳ್ಳಕೆರೆಯ ಸೀಮೆಗೆ ಬಂದು ನನ್ನಿವಾಳವೆಂಬ ಗ್ರಾಮವನ್ನೂ ಅದರ ಆಸುಪಾಸಿನ ಹಟ್ಟಿಗಳನ್ನೂ ಸುತ್ತಿದರೆ, ದುರ್ಗದಲ್ಲಿ ಕಂಡಂತಹ ವೈಭವದ ಒಂದು ಕುರುಹೂ ಅವರ ಕಣ್ಣಿಗೆ ಬೀಳಲಾರದು. ಜಾಲಿ, ಕಾರೆ, ಬಂದರೆ ಗಿಡಗಳ ಕುರುಚಲು, ಮಳೆ ಬಿದ್ದರೆ ನವಣೆ ಸಜ್ಜೆ ಶೇಂಗಾ ಬೆಳೆಯುವ ಕೆಮ್ಮಣ್ಣಿನ ಹೊಲ, ಮುಳ್ಳಿನ ಬೇಲಿ ಕಟ್ಟಿದ ದನದ ರೊಪ್ಪ, ಹಟ್ಟಿಗೊಂದು ದೇವರ ಗುಡಿ: ಇಷ್ಟೇ. ಆದರೂ ಮಧ್ಯ ಕರ್ಣಾಟಕದ ನಾಯಕ ಪ್ರಭುತ್ವದ ಮೂಲಸ್ವರೂಪವನ್ನು ಅರಿಯಬೇಕೆಂಬ ಜಿಜ್ಞಾಸುವು ದುರ್ಗದ ಕೋಟೆಯನ್ನು ನೋಡಿದಷ್ಟೇ ಶ್ರದ್ಧೆಯಿಂದ ನನ್ನಿವಾಳದ ಕಟ್ಟೆಮನೆಯನ್ನೂ ನೋಡತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಕೋಟೆಯ ದೊರೆತನವು 1779ರಲ್ಲಿ ಅಳಿಯಿತು. ಕಟ್ಟೆಮನೆಯ ದೊರೆತನ ಅಳಿಯಲಿಲ್ಲ.

ಪಾಳೆಯಪಟ್ಟುಗಳ ಉಗಮವನ್ನು ವಿಜಯನಗರದ ಆಡಳಿತಕ್ರಮದಲ್ಲಿ ಹುಡುಕಬೇಕು. ಗಡಿಯನ್ನು ಕಾಯಲು, ಕಾಡನ್ನು ಕಡಿದು ಊರು ಕಟ್ಟಿಸಲು, ದಾರಿಹೋಕರನ್ನು ಕಳ್ಳರಿಂದ ರಕ್ಷಿಸಲು, ಕರೆ ಬಂದಾಗ ಇಂತಿಷ್ಟು ಆಳು ಕುದುರೆಗಳೊಡನೆ ದಂಡಿಗೆ ಹಾಜರಾಗಲು ಒಪ್ಪಿದ ನಾಯಕನಿಗೆ ರಾಯರು ಒಂದು ಸೀಮೆಯನ್ನು ಬಿಟ್ಟುಕೊಡುತ್ತಿದ್ದರು. ಅವನು ವರ್ಷವರ್ಷವೂ ಪೊಗದಿಯನ್ನು ಸಲ್ಲಿಸಿ ಮಿಕ್ಕ ಹುಟ್ಟುವಳಿಯಿಂದ ತನ್ನ ಬಂಟರನ್ನು ಸಾಕುತ್ತಿದ್ದನು. ದುರ್ಗದ ಕಾಮಗೇತಿ ವಂಶದ ಹಿರಿಯರು ತಿರುಪತಿಯ ಕಡೆಯಿಂದ ಬಂದು ನೀರ್ತಡಿಯಲ್ಲಿ ನೆಲೆಸಿದ ಬೇಡ ಕುಟುಂಬಗಳವರೆಂದು ವಂಶಪರಂಪರೆಯ ಕಥನವು ಹೇಳುತ್ತದೆ. ಆ ವಂಶದ ಮತ್ತಿ ತಿಮ್ಮಣ್ಣನಾಯಕನು ಮೊದಲು ಹೊಳಲ್ಕೆರೆಯ ನಾಯಕತನವನ್ನೂ ಅನಂತರ ಚಿತ್ರದುರ್ಗವನ್ನೂ ರಾಯರಿಂದ ಪಡೆದನು.

ಈ ತಿಮ್ಮಣ್ಣನಾಯಕನನ್ನು ಕುರಿತು ಸೀಮೆಯಲ್ಲಿ ಉಳಿದಿರುವ ಐತಿಹ್ಯವೊಂದನ್ನು ಇಲ್ಲಿ ಹೇಳದೆ ಮುಂದಕ್ಕೆ ಹೋಗಲು ಮನಸ್ಸು ಒಪ್ಪದು. ತನ್ನನ್ನು ದಂಡಿಸಲು ಬಂದ ರಾಯರ ದಂಡಿನ ಪಾಳೆಯಕ್ಕೆ ಅವನು ನಡುರಾತ್ರಿಯಲ್ಲಿ ಒಬ್ಬನೇ ನುಗ್ಗಿದನಂತೆ. ಅವನಿಗೆ ಬೇಕಾಗಿದ್ದುದು ಸೇನಾನಿಯ ಕುದುರೆ. ಲಾಯದ ಆಳು ಎಚ್ಚರಗೊಂಡಾಗ ನಾಯಕನು ಹುಲ್ಲಿನೊಳಗೆ ಮೈಮರೆಸಿ ಅಡಗಿದನು. ಆಳು ಕತ್ತಲೆಯಲ್ಲಿ ಕುದುರೆಯ ಗೂಟವನ್ನು ನೆಲಕ್ಕೆ ಬಡಿಯುವಾಗ ಅದು ಹುಲ್ಲಿನಡಿಯಲ್ಲಿದ್ದ ನಾಯಕನ ಅಂಗೈಯನ್ನು ಸೀಳಿಕೊಂಡು ನೆಲಕ್ಕಿಳಿಯಿತು. ನಾಯಕನು ಉಸಿರೆತ್ತಲಿಲ್ಲ. ಆಳು ಮತ್ತೆ ನಿದ್ದೆಹೋಗುವವರೆಗೂ ಕಾದಿದ್ದು, ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು, ಕುದುರೆಯೊಡನೆ ಹೊರಟುಹೋದನು. ಸೇನಾನಿಯ ಪ್ರಾಣವನ್ನೇ ತೆಗೆಯಬಹುದಾಗಿದ್ದವನು ಕುದುರೆಯೊಂದನ್ನಷ್ಟೇ ಒಯ್ದನೆಂಬುದನ್ನು ಅರಿತ ಮೇಲೆ ಎದುರಾಳಿಗಳೂ ಅವನ ಗುಣವನ್ನು ಮೆಚ್ಚಿದರೆಂದು ಕಥೆ ಮುಗಿಯುತ್ತದೆ. ಇದು ಅಕ್ಷರಶಃ ನಡೆಯಿತೋ ಇಲ್ಲವೋ ಎಂಬ ಪ್ರಶ್ನೆಗಿಂತ, ಈ ಸೀಮೆಯ ಜನ ತಮ್ಮ ದೊರೆಯಲ್ಲಿ ಯಾವ ಗುಣವನ್ನು ಕಾಣಲು ಬಯಸಿದರೆಂಬುದಕ್ಕೆ ಇದು ಸಾಕ್ಷಿಯೆಂಬುದು ಹೆಚ್ಚು ಮುಖ್ಯವಾದುದು. ಅವರು ಮೆಚ್ಚಿದ್ದು ಸಿಂಹಾಸನವನ್ನಲ್ಲ, ಸಹನೆಯನ್ನು.

1565ರಲ್ಲಿ ವಿಜಯನಗರವು ಹಾಳಾದ ತರುವಾಯ ರಾಯರ ಹಿಡಿತ ಸಡಿಲಿತು. ಪೊಗದಿ ಕೊಡುತ್ತಿದ್ದ ನಾಯಕರು ತಾವೇ ಪೊಗದಿ ಪಡೆಯುವ ದೊರೆಗಳಾದರು. ಹರಪನಹಳ್ಳಿ, ರಾಯದುರ್ಗ, ಗುಡೇಕೋಟೆ, ಜರಿಮಲೆ, ನಿಡಗಲ್ಲು, ಹಾಗಲವಾಡಿ, ಇತ್ತ ನಾಯಕನಹಟ್ಟಿ: ಒಂದು ದಿನದ ದಾರಿಯಲ್ಲಿ ಒಂದೊಂದು ದೊರೆತನ. ನಾಯಕನಹಟ್ಟಿಯವರ ಸೀಮೆಯು ಕಾಲಕ್ರಮದಲ್ಲಿ ದುರ್ಗದವರ ವಶವಾಯಿತು.

ಇದೇ ಶತಮಾನಗಳಲ್ಲಿ ಭೂಮಂಡಲದ ಇನ್ನೊಂದು ತುದಿಯಲ್ಲಿ, ಜಪಾನಿನ ದ್ವೀಪಗಳಲ್ಲಿ, ಇಂಥದೇ ಪ್ರಭುತ್ವದ ವ್ಯವಸ್ಥೆಯೊಂದು ಬೆಳೆದು ನಿಂತಿತ್ತೆಂಬುದನ್ನು ನೆನೆದರೆ ನಮ್ಮ ಪಾಳೆಯಪಟ್ಟುಗಳ ಸ್ವರೂಪವು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿಯೂ ಕುಲಕ್ಕೊಂದು ಸೀಮೆ, ಸೀಮೆಗೊಂದು ಕೋಟೆ, ಕೋಟೆಗೊಬ್ಬ ದೊರೆ. ಆ ಸೀಮೆಗೆ ಹಾನ್ ಎಂದೂ ದೊರೆಗೆ ದೈಮ್ಯೋ ಎಂದೂ ಹೆಸರು. 1600ರ ಸೆಕಿಗಹಾರಾ ಯುದ್ಧದಲ್ಲಿ ಗೆದ್ದ ತೊಕುಗಾವಾ ಇಯೆಯಾಸುವು 1603ರಲ್ಲಿ ಶೋಗುನ್ ಎಂಬ ಮಹಾಸೇನಾಧಿಪತಿಯ ಪದವಿಯನ್ನು ಪಡೆದು ಎದೋ ನಗರವನ್ನು ತನ್ನ ನೆಲೆಯಾಗಿಸಿಕೊಂಡನು. ಅಲ್ಲಿಂದ ಮುಂದೆ ಎರಡೂವರೆ ಶತಮಾನಗಳ ಕಾಲ 260ಕ್ಕೂ ಮಿಕ್ಕ ಸೀಮೆಗಳು ಆ ಒಂದು ಮನೆತನದ ಮೇಲಾಳಿಕೆಯಲ್ಲಿ ಒಂದನ್ನೊಂದು ನುಂಗದೆ ಉಳಿದವು. ಆ ಶಾಂತಿಯು ತಾನಾಗಿ ಬಂದುದಲ್ಲ. 1615ರಲ್ಲಿ ಒಂದು ಸೀಮೆಗೆ ಒಂದೇ ಕೋಟೆಯೆಂಬ ಕಟ್ಟಳೆ ಬಂದಿತು. ದೊರೆಗಳ ನಡತೆಗೆ ಲಿಖಿತ ಶಾಸನವಾಯಿತು. 1635ರಿಂದ ದೊರೆಗಳು ಸರದಿಯಂತೆ ಎದೋಗೆ ಬಂದು ವಾಸಿಸಿ ಮರಳಿ ಸ್ವಸ್ಥಳಕ್ಕೆ ಹೋಗುವುದು ಕಡ್ಡಾಯವಾಯಿತು. ಅವರು ಊರಿಗೆ ಮರಳಿದಾಗಲೂ ಅವರ ಹೆಂಡಿರೂ ಉತ್ತರಾಧಿಕಾರಿಗಳೂ ಎದೋದಲ್ಲಿಯೇ ಒತ್ತೆಯಂತೆ ಇರಬೇಕಾಗಿತ್ತು. ಅಪ್ರಿಯನಾದ ದೊರೆಯನ್ನು ಅವನ ಪರಿವಾರಸಹಿತ ಒಂದು ಸೀಮೆಯಿಂದ ಕಿತ್ತು ಇನ್ನೊಂದಕ್ಕೆ ಕಳುಹಿಸುವ ಅಧಿಕಾರವೂ ಶೋಗುನನಿಗಿತ್ತು. ಸೀಮೆಯ ಯೋಗ್ಯತೆಯನ್ನು ಅಳೆಯುತ್ತಿದ್ದುದು ಅಕ್ಕಿಯಿಂದ. ಒಬ್ಬ ಮನುಷ್ಯನಿಗೆ ಒಂದು ವರ್ಷಕ್ಕೆ ಸಾಕಾಗುವಷ್ಟು, ಎಂದರೆ ಸುಮಾರು 180 ಲೀಟರ್ ಅಕ್ಕಿಗೆ ಒಂದು ಕೊಕು; 10,000 ಕೊಕುವಿನ ಹುಟ್ಟುವಳಿ ಇದ್ದವನೇ ದೈಮ್ಯೋ; ಕಾಗಾ ಸೀಮೆಯ ಮಾಯೆದಾ ಕುಲದವರದು ಹತ್ತು ಲಕ್ಷ ಕೊಕುವಿಗೂ ಮೀರಿದ ದೊರೆತನ.

ನಮ್ಮ ನಾಡಿನಲ್ಲಿ ಎದೋದಂತಹ ಕೇಂದ್ರವೊಂದು 1565ರ ಬಳಿಕ ಇರಲಿಲ್ಲ. ಪೆನುಗೊಂಡೆಗೆ ಸರಿದ ರಾಯರಿಗೆ ಬಲವಿರಲಿಲ್ಲ; ಆಮೇಲೆ ಬಿಜಾಪುರದವರು ಬಂದರು; 1687ರಲ್ಲಿ ಮೊಗಲರು ಶಿರಾವನ್ನು ರಾಜಧಾನಿಯಾಗಿಸಿ ಸುಬೇದಾರನನ್ನು ಕೂರಿಸಿದರು; ಮರಾಠರು ಚೌತ್ ಬೇಡಿದರು; ಮೈಸೂರಿನವರು ತೆಂಕಣದಿಂದ ಒತ್ತಿದರು. ಪಾಳೆಯಗಾರನು ಒಂದೇ ವರ್ಷದಲ್ಲಿ ಇಬ್ಬರು ಮೂವರು ಪ್ರಭುಗಳಿಗೆ ಪೊಗದಿ ಒಪ್ಪಿಕೊಂಡು, ಯಾರಿಗೂ ಪೂರ್ತಿ ಸಲ್ಲಿಸದೆ, ತನ್ನ ಬಂಡೆ ಬಂಟರನ್ನೇ ನಂಬಿ ಬಾಳಬೇಕಾಯಿತು. ಇದನ್ನು ಚಂಚಲಬುದ್ಧಿಯೆಂದು ಬರೆದ ಆಂಗ್ಲ ಇತಿಹಾಸಕಾರರು ಆ ಬಾಳಿನ ಅನಿವಾರ್ಯವನ್ನು ಗ್ರಹಿಸಲಿಲ್ಲ.

ಇನ್ನೂ ಆಳವಾದ ಭೇದವೊಂದುಂಟು. 1588ರಲ್ಲಿ ಜಪಾನಿನ ಅಧಿನಾಯಕ ಹಿದೆಯೋಶಿಯು ರೈತರ ಮನೆಮನೆಯಿಂದ ಕತ್ತಿಗಳನ್ನು ಕಿತ್ತುಕೊಳ್ಳುವ ಆಜ್ಞೆಯನ್ನು ಹೊರಡಿಸಿದನು. ಅಂದಿನಿಂದ ನೇಗಿಲು ಹಿಡಿದವನು ಆಯುಧ ಹಿಡಿಯುವಂತಿಲ್ಲ, ಆಯುಧ ಹಿಡಿದ ಸಮುರಾಯಿಯು ಹೊಲವನ್ನು ತೊರೆದು ಕೋಟೆಯ ಪೇಟೆಯಲ್ಲಿ ಅಕ್ಕಿಯ ಸಂಬಳಕ್ಕೆ ಬದುಕುವಂತಾಯಿತು. ರೂಢಿಯ ಗಣನೆಯಂತೆ ಅದೇ 1588ರಲ್ಲಿ ದುರ್ಗದಲ್ಲಿ ತಿಮ್ಮಣ್ಣನಾಯಕನ ತರುವಾಯ ಓಬಣ್ಣನಾಯಕನು ಪಟ್ಟಕ್ಕೆ ಬಂದನು. ಇಲ್ಲಿ ಮಾತ್ರ ದನ ಕಾಯುವವನೂ ಹೊಲ ಉಳುವವನೂ ದಂಡಿಗೆ ಹೋಗುವವನೂ ಒಬ್ಬನೇ ಆಗಿ ಉಳಿದನು. ದುರ್ಗದ ಬಲವಿದ್ದುದು ಕೋಟೆಯೊಳಗಿನ ಸಂಬಳದ ಸೈನ್ಯದಲ್ಲಿ ಮಾತ್ರವಲ್ಲ. ಹಟ್ಟಿಗಳಲ್ಲಿ ಚದುರಿಕೊಂಡಿದ್ದು ಕರೆ ಬಂದೊಡನೆ ಕೂಡುತ್ತಿದ್ದ ಬೇಡಪಡೆಯಲ್ಲಿ.

ಆ ಬಲವನ್ನು ಮೊಗಲರು ಕಂಡದ್ದು ಚಳ್ಳಕೆರೆಗೆ ಸಮೀಪದ ದೊಡ್ಡೇರಿಯಲ್ಲಿ. 1695ರ ನವೆಂಬರಿನಲ್ಲಿ ಶಿರಾದ ಸುಬೇದಾರ ಕಾಸಿಂಖಾನನು ಮರಾಠ ಸೇನಾನಿ ಸಂತಾಜಿ ಘೋರ್ಪಡೆಯನ್ನು ತಡೆಯಲೆಂದು ಹೊರಟನು. ಔರಂಗಜೇಬನು ಅವನ ನೆರವಿಗೆ ಖಾನಾಜಾದ್ ಖಾನನೇ ಮೊದಲಾದ ಸರದಾರರನ್ನು ಕಳುಹಿಸಿದ್ದನು. ಅವರ ಮುಂಗಡ ಡೇರೆಗಳನ್ನೇ ಸಂತಾಜಿಯು ಸುಟ್ಟು, ದಂಡನ್ನು ದೊಡ್ಡೇರಿಯ ಚಿಕ್ಕ ಕೋಟೆಯೊಳಕ್ಕೆ ಅಟ್ಟಿದನು. ಕಾಸಿಂಖಾನನ ಮೇಲೆ ಮೊದಲೇ ಹಗೆ ಸಾಧಿಸುತ್ತಿದ್ದ ದುರ್ಗದ ಭರಮಣ್ಣನಾಯಕನು ತನ್ನ ಬೇಡಪಡೆಯೊಡನೆ ಸಂತಾಜಿಯನ್ನು ಕೂಡಿಕೊಂಡನು. ಈ ಬಯಲುಸೀಮೆಯ ಚಿಕ್ಕ ಊರೊಂದರಲ್ಲಿ ಅಷ್ಟು ದೊಡ್ಡ ದಂಡಿಗೆ ಅನ್ನವೆಲ್ಲಿಂದ ಬರಬೇಕು? ಆನೆ ಕುದುರೆಗಳಿಗೆ ಮೇವು ತೀರಿತು, ಆಳುಗಳಿಗೆ ಕಾಳು ತೀರಿತು. ಕಾಸಿಂಖಾನನು ಅಲ್ಲಿಯೇ ಸತ್ತನು. ಅವಮಾನವನ್ನು ತಾಳಲಾರದೆ ವಿಷ ಸೇವಿಸಿದನೆಂದು ಕೆಲವರು ಹೇಳುವುದುಂಟು. ಉಳಿದವರು ಸಾಮಾನು ಸರಂಜಾಮುಗಳನ್ನೆಲ್ಲ ಬಿಟ್ಟುಕೊಟ್ಟು, ಬಿಡುಗಡೆಯ ಹಣಕ್ಕೆ ಒಪ್ಪಿ, ಪ್ರಾಣವನ್ನು ಉಳಿಸಿಕೊಂಡರು. ದಿಲ್ಲಿಯ ಬಾದಶಹನ ದಂಡು ಸೋತು ಶರಣಾದ ನೆಲವಿದೆಂದು ಇಂದು ದೊಡ್ಡೇರಿಯ ದಾರಿಯಲ್ಲಿ ಹೋಗುವವರಲ್ಲಿ ಎಷ್ಟು ಮಂದಿಗೆ ಗೊತ್ತು? ಶಾಲೆಯ ಮಕ್ಕಳಿಗಾದರೂ ಇದನ್ನು ಹೇಳಿಕೊಡಬೇಡವೆ?

ಜಪಾನಿನಲ್ಲಿ ದೊರೆಯ ಐಶ್ವರ್ಯ ಅಕ್ಕಿಯಾದರೆ ಈ ಸೀಮೆಯಲ್ಲಿ ಅದು ಗೋಸಂಪತ್ತು. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ, ವೇದಾವತಿಯೂ ಬೇಸಗೆಯಲ್ಲಿ ಮರಳಾಗಿ ಮಲಗುವ ಈ ನೆಲದಲ್ಲಿ ಭತ್ತದ ಲೆಕ್ಕದಿಂದ ದೊರೆತನವನ್ನು ಅಳೆಯಲಾಗದು. ಬರ ಬಂದರೆ ಹೊಲವು ಕೈಕೊಡುತ್ತದೆ. ದನವಾದರೆ ನಡೆದು ಇನ್ನೊಂದು ಹುಲ್ಲುಗಾವಲನ್ನು ಸೇರುತ್ತದೆ. ಮೈಸೂರಿನ ಅರಸರು ಬೆಣ್ಣೆಚಾವಡಿಯೆಂದು ಕಟ್ಟಿ, ಟೀಪುವಿನ ಕಾಲದಲ್ಲಿ ಅಮೃತಮಹಲ್ ಎಂದು ಹೆಸರಾದ ಪ್ರಸಿದ್ಧ ದನದ ತಳಿಯೊಳಗೆ ಹಳ್ಳಿಕಾರ, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಪ್ರಭೇದಗಳು ಕೂಡಿದ್ದವು. ಕಡೆಯ ಎರಡೂ ಪಾಳೆಯಪಟ್ಟುಗಳ ಹೆಸರು. ಟೀಪುವಿನ ತಂದೆ ಹೈದರನು ಪಾಳೆಯಗಾರರನ್ನು ಮುರಿದಾಗ ಅವರ ಮಂದೆಗಳನ್ನೂ ತನ್ನವನ್ನಾಗಿಸಿಕೊಂಡನು. ತೋಪುಗಳನ್ನು ಎಳೆದು ದಂಡಿನ ವೇಗವನ್ನು ಹೆಚ್ಚಿಸಿದ ಎತ್ತುಗಳು ಆ ಮಂದೆಗಳ ಸಂತಾನವೇ.

ದನವೇ ಐಶ್ವರ್ಯವಾದ ಈ ನಾಡಿನಲ್ಲಿ ಮ್ಯಾಸಬೇಡರ ಸ್ಥಾನವೇನೆಂಬುದು ಈಗ ತಾನಾಗಿ ವಿಶದವಾಗುತ್ತದೆ. ಬೇಡ ಜನಾಂಗದಲ್ಲಿ ಊರುಬೇಡರೆಂದೂ ಮ್ಯಾಸಬೇಡರೆಂದೂ ಎರಡು ಕವಲುಗಳುಂಟು. ಮ್ಯಾಸಬೇಡರು ಚಳ್ಳಕೆರೆ, ಮೊಳಕಾಲ್ಮೂರು, ಅದರಾಚೆಯ ಬಳ್ಳಾರಿ ರಾಯದುರ್ಗಗಳ ಕಡೆಗೆ ಹಬ್ಬಿದ ಹಟ್ಟಿಗಳಲ್ಲಿ ನೆಲೆಸಿದವರು. ಅನೇಕರ ಮನೆಮಾತು ತೆಲುಗು, ಬೀದಿಯ ಮಾತು ಕನ್ನಡ. ಕೋಳಿಯನ್ನೂ ಹಂದಿಯನ್ನೂ ಮುಟ್ಟಬಾರದು, ಮದ್ಯವನ್ನು ಸೇವಿಸಬಾರದು ಎಂಬ ಕಟ್ಟುನಿಟ್ಟು ಅವರಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಅವರ ಹಟ್ಟಿಗಳೆಲ್ಲವೂ ಕಟ್ಟೆಮನೆಗಳಿಗೆ ಒಳಪಟ್ಟವು. ನನ್ನಿವಾಳ, ಗೋನೂರು, ಬೋಸೇದೇವರಹಟ್ಟಿ ಇವು ಆ ಕಟ್ಟೆಮನೆಗಳಲ್ಲಿ ಹೆಸರಾದವು.

ಕಟ್ಟೆಮನೆಯೆಂದರೆ ಅರಮನೆಯಲ್ಲ, ಕಚೇರಿಯೂ ಅಲ್ಲ. ಎರಡರ ಕೆಲಸವನ್ನೂ ಮಾಡುವ ನೆಲೆ. ಅದಕ್ಕೊಬ್ಬ ವಂಶಪಾರಂಪರ್ಯದ ದೊರೆ; ಅವನ ಸುತ್ತ ಹಟ್ಟಿಹಟ್ಟಿಯ ಹಿರಿಯರು, ಪೂಜಾರಿಗಳು, ದನ ಕಾಯುವ ಕಿಲಾರಿಗಳು. ದನ ಮೇಯಿಸಿದ ಜಗಳ, ಒಂದೇ ಬೆಡಗಿನೊಳಗೆ ನಡೆಯಬಾರದ ಮದುವೆಯ ಪ್ರಸಂಗ, ದೇವರ ಮಂದೆಗೆ ಸಂಬಂಧಿಸಿದ ಲೋಪ, ಅಣ್ಣತಮ್ಮಂದಿರ ಪಾಲಿನ ತಕರಾರು, ಜಾತ್ರೆಯಲ್ಲಿ ಯಾರ ದೇವರಿಗೆ ಮೊದಲ ಮರ್ಯಾದೆಯೆಂಬ ವಿವಾದ: ಇವೆಲ್ಲ ಅಲ್ಲಿಗೆ ಬರುತ್ತಿದ್ದವು. ತಪ್ಪಿಗೆ ದಂಡ, ದೊಡ್ಡ ತಪ್ಪಿಗೆ ಕುಲದಿಂದ ಹೊರಗಿಡುವಿಕೆ, ಪಶ್ಚಾತ್ತಾಪಕ್ಕೆ ಶುದ್ಧಿಯ ಕ್ರಮ ಮತ್ತು ಮರುಸೇರ್ಪಡೆ. ತೀರ್ಪನ್ನು ನಡೆಸಲು ಬಂಟರಿರಲಿಲ್ಲ, ಸೆರೆಮನೆಯಿರಲಿಲ್ಲ. ದೇವರ ಮುಂದೆ ಆಡಿದ ಮಾತೇ ಅದರ ಬಲ. ಈ ಪದ್ಧತಿಯಲ್ಲಿ ದೋಷಗಳಿರಲಿಲ್ಲವೆಂದು ನಾನು ಹೇಳಲಾರೆ. ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಕುಳಿತು ಮಾತನಾಡಲಿಲ್ಲ. ಕುಲದಿಂದ ಹೊರಬಿದ್ದವನ ಸಂಕಟವು ಅನೇಕ ವೇಳೆ ಅವನ ತಪ್ಪಿಗಿಂತ ಭಾರವಾಗಿತ್ತು. ಆದರೂ ದೂರದ ನ್ಯಾಯಸ್ಥಾನಕ್ಕೆ ಅಲೆಯಲು ಶಕ್ತಿಯಿಲ್ಲದ ಬಡವನಿಗೆ ಅವನದೇ ಭಾಷೆಯಲ್ಲಿ, ಅವನನ್ನು ಹುಟ್ಟಿನಿಂದ ಬಲ್ಲವರ ಎದುರಿಗೆ ವಿಚಾರಣೆ ದೊರೆಯುತ್ತಿತ್ತೆಂಬುದು ಸಣ್ಣ ಸಂಗತಿಯಲ್ಲ.

ಈ ಪ್ರಭುತ್ವದ ಖಜಾನೆಯನ್ನು ನೋಡಬೇಕೆಂದರೆ ದೇವರ ಎತ್ತುಗಳ ರೊಪ್ಪಕ್ಕೆ ಹೋಗಬೇಕು. ಹರಕೆಯಾಗಿ ಬಿಟ್ಟ ಕರುಗಳೂ ಅವುಗಳ ಸಂತಾನವೂ ಸೇರಿ ಬೆಳೆದ ಮಂದೆ ಅದು. ಅದನ್ನು ಕಾಯುವವನು ಕಿಲಾರಿ. ಆ ಎತ್ತಿನ ಹೆಗಲಿಗೆ ನೊಗವಿಲ್ಲ, ಅದನ್ನು ಸಂತೆಗೆ ಹೊಡೆಯುವಂತಿಲ್ಲ, ಕಟುಕನಿಗೆ ಮಾರುವಂತಿಲ್ಲ. ಸತ್ತರೆ ಮನುಷ್ಯರಿಗೆ ಸಲ್ಲುವ ಗೌರವದಿಂದ ಮಣ್ಣುಮಾಡುತ್ತಾರೆ. ಬೆಳಗಾಗುತ್ತಲೇ ಕಿಲಾರಿಯು ಮುಳ್ಳಿನ ಪಡಿಯನ್ನು ಸರಿಸಿ ಕೂಗು ಹಾಕಿದರೆ ಮಂದೆಯು ನೂಕುನುಗ್ಗಲಿಲ್ಲದೆ ಹೊರಬೀಳುತ್ತದೆ. ಮುಂದಾಳು ಎತ್ತು ನಡೆದ ದಾರಿಯಲ್ಲಿ ಉಳಿದವು ನಡೆಯುತ್ತವೆ. ಹಬ್ಬದ ದಿನ ಅದೇ ಎತ್ತಿನ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ. ಪೆಟ್ಟಿಗೆಯಲ್ಲಿಟ್ಟ ದೇವರುಗಳು ಹೊಳೆಗೆ ಹೊರಟಾಗ ಮಂದೆಯೂ ಜೊತೆಗೆ ಹೊರಡುತ್ತದೆ. ಉರುಮೆಯ ಸದ್ದಿಗೆ ಧೂಳೆಬ್ಬಿಸಿ ಓಡುವ ಆ ಮಂದೆಯನ್ನು ಕಂಡು ಕೈಮುಗಿಯುವ ಮುದುಕಿಯರ ಮುಖವನ್ನು ನೋಡಿದವನಿಗೆ, ದುಡಿಯದ ಎತ್ತನ್ನು ಬಡವರು ಏಕೆ ಸಾಕುತ್ತಾರೆಂಬ ಪ್ರಶ್ನೆಯನ್ನು ಕೇಳುವ ಧೈರ್ಯ ಬಾರದು.

ಈ ಜನರ ವೀರರೂ ದನಗಾಹಿಗಳೇ. ಗಾದ್ರಿಪಾಲನಾಯಕ, ಜಗಳೂರು ಪಾಪನಾಯಕ, ಯರಗಾಟನಾಯಕ ಮುಂತಾದವರನ್ನು ಹಟ್ಟಿಗಳಲ್ಲಿ ದೇವರಾಗಿ ಪೂಜಿಸುತ್ತಾರೆ. ಗಾದ್ರಿಪಾಲನಾಯಕನು ಹುಲಿಯೊಡನೆ ಕಾದಿ ಮಡಿದನೆಂದು ಅವನ ಕಥನವನ್ನು ಹಾಡುವವರು ಹೇಳುತ್ತಾರೆ. ಕೋಟೆ ಗೆದ್ದವನ ಕಥೆಗಿಂತ ದನ ಉಳಿಸಿದವನ ಕಥೆ ಇಲ್ಲಿ ಹೆಚ್ಚು ಕಾಲ ಬಾಳಿದೆ. ನೆರೆಯ ಕಾಡುಗೊಲ್ಲರಲ್ಲಿಯೂ ಇದೇ ಪರಿ. ಅವರ ಪದಗಳ ಮಹಾಭಂಡಾರವಾಗಿದ್ದ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಈ ತಾಲ್ಲೂಕಿನವರೇ.

ದುರ್ಗದ ಅವಸಾನವನ್ನು ದೀರ್ಘವಾಗಿ ಹೇಳಬೇಕಾದುದಿಲ್ಲ, ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನು ಓದಿದ ಕನ್ನಡಿಗರಿಗೆ ಅದು ತಿಳಿದೇ ಇದೆ. 1748ರಲ್ಲಿ ಮಾಯಕೊಂಡದ ಕಾಳಗದಲ್ಲಿ ಹಿರಿಯ ಮದಕರಿನಾಯಕನೊಬ್ಬನು ಮಡಿದನು; ಕಡೆಯ ಮದಕರಿನಾಯಕನು ಮೊದಲು ಹೈದರನಿಗೆ ನೆರವಾಗಿ, ಬಳಿಕ ಅವನ ಹಗೆಯನ್ನು ಕಟ್ಟಿಕೊಂಡು, 1779ರಲ್ಲಿ ಕೋಟೆಯನ್ನು ಕಳೆದುಕೊಂಡು, ಶ್ರೀರಂಗಪಟ್ಟಣದ ಸೆರೆಯಲ್ಲಿ ಪ್ರಾಣಬಿಟ್ಟನು. ಬೇಡಪಡೆಯ ಬೇರು ಎಲ್ಲಿದೆಯೆಂಬುದನ್ನು ಹೈದರನು ಬಲ್ಲವನಾಗಿದ್ದನು. ಅವನು ದೊರೆಯೊಬ್ಬನನ್ನು ಸೆರೆಹಿಡಿದು ಸುಮ್ಮನಾಗಲಿಲ್ಲ. ಇಪ್ಪತ್ತು ಸಾವಿರ ಬೇಡರನ್ನು ಸೀಮೆಯಿಂದ ಕಿತ್ತು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದನೆಂದೂ, ಅವರ ಹುಡುಗರನ್ನು ಚೇಲಾಗಳೆಂಬ ದಳಗಳಿಗೆ ಸೇರಿಸಿದನೆಂದೂ ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ತಂದೆತಾಯಿಯರಿಂದ ಅಗಲಿಸಿ ಒಯ್ದ ಆ ಮಕ್ಕಳ ಕಥೆಯನ್ನು ನಮ್ಮಲ್ಲಿ ಯಾರೂ ಬರೆದಿಲ್ಲವೆಂಬುದು ನನ್ನ ಮನಸ್ಸನ್ನು ಬಹಳವಾಗಿ ನೋಯಿಸಿದೆ. ಗಡಿಯಾಚೆಯ ದತ್ತಮಂಡಲದಲ್ಲಿ 1800ರಿಂದ ಏಳು ವರ್ಷ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ, ಸುಮಾರು ಎಂಬತ್ತು ಪಾಳೆಯಗಾರರ ಆಯುಧಗಳನ್ನು ಕಸಿದು ಕೆಲವರಿಗೆ ಪಿಂಚಣಿಯನ್ನು ಗೊತ್ತುಮಾಡಿ ಆ ಕಾಂಡವನ್ನು ಮುಗಿಸಿದನು. ಜಪಾನಿನಲ್ಲಿ 1868ರ ಪರಿವರ್ತನೆಯ ಬಳಿಕ 1871ರಲ್ಲಿ ಸೀಮೆಗಳನ್ನೆಲ್ಲ ಒಂದೇ ಆಜ್ಞೆಯಿಂದ ರದ್ದುಮಾಡಿ ಜಿಲ್ಲೆಗಳನ್ನಾಗಿಸಿದರು; ಅಲ್ಲಿಯ ದೊರೆಗಳಿಗೆ ಮಾತ್ರ ಹೊಸ ರಾಜಧಾನಿಯಲ್ಲಿ ಮನೆ, ವರ್ಷಾಶನ, ಪ್ರಭುವರ್ಗದ ಬಿರುದು ದೊರೆತವು. ಕಾಮಗೇತಿಯ ಕುಲಕ್ಕೆ ಅಂತಹ ಭಾಗ್ಯವಿರಲಿಲ್ಲ.

ಕಟ್ಟೆಮನೆಯನ್ನು ಹೈದರನೂ ಮುರಿಯಲಿಲ್ಲ, ಮನ್ರೋವಿನ ಕಾಲದ ಕಾಯಿದೆಯೂ ಮುಟ್ಟಲಿಲ್ಲ. ಅಲ್ಲಿ ವಶಪಡಿಸಿಕೊಳ್ಳಲು ಕೋಟೆಯಿರಲಿಲ್ಲ, ತೋಪಿರಲಿಲ್ಲ, ಬರೆದಿಟ್ಟ ಸನ್ನದು ಕೂಡ ಬೇಕಾಗಿರಲಿಲ್ಲ. ದೊರೆಯ ಅಧಿಕಾರವು ಜನರ ಒಪ್ಪಿಗೆಯಲ್ಲಿಯೂ ದೇವರ ಮಂದೆಯಲ್ಲಿಯೂ ನೆಲೆಗೊಂಡಿದ್ದುದರಿಂದ ಮಂದೆ ಇರುವವರೆಗೂ ಜನ ಕೂಡುವವರೆಗೂ ಅದು ಇದ್ದೇ ಇತ್ತು. ಸ್ವತಂತ್ರ ಭಾರತದ ನ್ಯಾಯಾಲಯಗಳೂ ಪಂಚಾಯಿತಿಗಳೂ ಬಂದ ಮೇಲೆ ಅದರ ದಂಡಾಧಿಕಾರವು ಕುಗ್ಗಿದ್ದು ಸಹಜವೂ ಹೌದು, ಯುಕ್ತವೂ ಹೌದು. ಹಬ್ಬ, ಜಾತ್ರೆ, ದೇವರ ಎತ್ತುಗಳ ಪಾಲನೆಗಳಲ್ಲಿ ಅದರ ಮಾತು ಇಂದಿಗೂ ನಡೆಯುತ್ತದೆ.

ಈಗ ಒದಗಿರುವ ಆಪತ್ತು ಬೇರೆ ತೆರನಾದುದು. ಚಳ್ಳಕೆರೆ ಸೀಮೆಯ ಅಮೃತಮಹಲ್ ಕಾವಲುಗಳ ಬಹುಭಾಗವು ಬೇರೆ ಬೇರೆ ಕಾರ್ಯಗಳಿಗೆ ಹಂಚಿಹೋಗಿದೆ; ಬರದ ವರ್ಷಗಳಲ್ಲಿ ದೇವರ ಎತ್ತುಗಳು ಮೇವಿಲ್ಲದೆ ಸೊರಗುತ್ತವೆ; ಕಿಲಾರಿಯ ಮಕ್ಕಳು ಪಟ್ಟಣದ ಕೆಲಸಗಳನ್ನು ಹುಡುಕಿಕೊಂಡು ಹೋಗುತ್ತಾರೆ, ಅದನ್ನು ತಪ್ಪೆನ್ನಲು ಯಾರಿಗೂ ಅಧಿಕಾರವಿಲ್ಲ. ದುರ್ಗದ ಕೋಟೆಗೆ ಕಾವಲುಗಾರರುಂಟು, ಫಲಕಗಳುಂಟು, ಪ್ರವಾಸಿಗಳುಂಟು. ನನ್ನಿವಾಳಕ್ಕೆ ಬೇಕಾದುದು ಅದಕ್ಕಿಂತ ಕಡಮೆಯೇ: ಉಳಿದಿರುವ ಹುಲ್ಲುಗಾವಲಿನಲ್ಲಿ ದೇವರ ಮಂದೆಗೆ ಮೇಯುವ ಹಕ್ಕು ಬರಹದಲ್ಲಿ ದೊರೆಯಬೇಕು; ಬರಗಾಲದಲ್ಲಿ ಮೇವು ಹೊತ್ತಿಗೆ ಸರಿಯಾಗಿ ಬರಬೇಕು; ಬೆಡಗುಗಳ ವಿವರ, ಕಟ್ಟೆಮನೆಯ ತೀರ್ಪುಗಳ ನೆನಪು, ವೀರರ ಕಥನಗಳು ಅವನ್ನು ಬಲ್ಲ ಹಿರಿಯರು ಇರುವಾಗಲೇ ಅವರ ಬಾಯಿಂದಲೇ ದಾಖಲೆಯಾಗಬೇಕು. ಜಿಲ್ಲೆಯ ಕಾಲೇಜುಗಳಲ್ಲಿ ಇತಿಹಾಸವನ್ನು ಕಲಿಸುವ ಅಧ್ಯಾಪಕರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ವರ್ಷವರ್ಷವೂ ವಿದ್ಯಾರ್ಥಿಗಳನ್ನು ದುರ್ಗದ ಕೋಟೆಗೆ ಕರೆದೊಯ್ಯುವ ತಾವು ಒಂದು ವರ್ಷವಾದರೂ ಅವರನ್ನು ನನ್ನಿವಾಳದ ಹಟ್ಟಿಗಳಿಗೆ ಕರೆತಂದು, ಕಿಲಾರಿಯ ಬಳಿ ಕೂರಿಸಿ, ಅವನು ಹೇಳಿದ್ದನ್ನು ಬರೆದುಕೊಳ್ಳುವಂತೆ ಮಾಡಿರಿ.